ದವಡೆಯೊಳಗಿನ ಎಲುಬಿನ ಪುಡಿಗೆ ಮೈಲಿಗೆ ಉಂಟೇ?

ಪ್ರಶ್ನೆ: ಇಂಪ್ಲಾಂಟ್ ಹಲ್ಲು ಕೂಡಿಸುವ ಮೊದಲು ಸವೆದ ದವಡೆಗೆ ಎಲುಬಿನ ಪುಡಿ ತುಂಬಬೇಕಂತೆ. ಅದು ದನದ್ದೂ ಇರುತ್ತದಂತೆ. ಆಮೇಲೆ ಮನೆಯಲ್ಲಿ ಪೂಜೆ ಮಾಡಬಹುದೇ? ಯಡೂರ ವೀರಭದ್ರನ ಗುಡಿಗೆ ಹೋಗಬಹುದೇ?
– ಓದುಗರು, ಚಿಕ್ಕೋಡಿ

ಉತ್ತರ: ಧಾರಾಳವಾಗಿ ಹೋಗಿ, ಪೂಜೆಯನ್ನೂ ಮಾಡಿ. ಮನುಷ್ಯರ ಎಲುಬು ಮುಟ್ಟಿದಾಗ ಅದರಲ್ಲಿ ಜಿಡ್ಡಿದ್ದರೆ ಸ್ನಾನ. ಜಿಡ್ಡಿಲ್ಲದಿದ್ದರೆ ಆಚಮನ ಮಾಡಿ ಗೋವನ್ನು ಮುಟ್ಟಿದರೆ, ಇಲ್ಲವೇ ಸೂರ್ಯನನ್ನು ನೋಡಿದರೆ ಸಾಕು ಎನ್ನುತ್ತದೆ ಮನುಸ್ಮೃತಿ. ದನದ ಪುಡಿಯಲ್ಲೂ ಜಿಡ್ಡು, ಮಾಂಸಾಂಶ ತೆಗೆದು ಖನಿಜವನ್ನಷ್ಟೇ ಉಳಿಸಿರುತ್ತಾರೆ. ದೇವರ ಮುಂದೆ ಊದುವ ಶಂಖವೂ ಒಂದು ಜೀವಿಯ ಚಿಪ್ಪೇ ಅಲ್ಲವೇ?

ಮೈಲಿಗೆಯ ಮಾತು ಇಷ್ಟೇ. ಹಿಂಸೆಯ ಮಾತು ಬೇರೆ. ದಧೀಚಿಗಳು ತಮ್ಮ ಎಲುಬನ್ನು ತಾವೇ ಕೊಟ್ಟರು. ಮನುಷ್ಯ ದಾನಿಗಳ ಎಲುಬಿನ ಪುಡಿಯೂ ಉಂಟು, ಅದನ್ನು ಕೈಮುಗಿದು ತಗೋಬಹುದು. ದನವನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ನಿಮ್ಮ ಮನಸ್ಸು ಅಳುಕುವುದು ಅಲ್ಲೇ ಆದರೆ ಡಾಕ್ಟರಿಗೆ ಮೊದಲೇ ಹೇಳಿ. ಅದು ಬೇಗ ಕರಗದೆ ಆಕಾರ ಹಿಡಿದು ನಿಲ್ಲುತ್ತದೆಂದು ಅವರು ಆರಿಸಿರಬಹುದು. ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಪುಡಿ ನಡೆದೀತೇ ಕೇಳಿ. ನಿಮ್ಮದೇ ಗದ್ದದ ಎಲುಬೂ ಆದೀತು, ಇನ್ನೊಂದು ಗಾಯವಾಗುತ್ತದೆ ಅಷ್ಟೇ.

ಮೇಲಿನ ದವಡೆಯಾದರೆ ಡಾಕ್ಟರು ಹೇಳುವವರೆಗೆ ಶಂಖ ಊದುವ ಕೆಲಸ ಮಕ್ಕಳಿಗೆ ಬಿಡಿ.