ತೂಕದ ಕಲ್ಲು ಯಾರದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ, ಆರ್ಟ್ಸೋ, ಇಲ್ಲ ಡಿಪ್ಲೊಮಾನೋ? ಚರ್ಚೆಗೆ ಕೂರುವವರು ಅಪ್ಪ, ಸೋದರಮಾವ, ಪಕ್ಕದ ಮನೆಯ ಇಂಜಿನಿಯರು. ಪಾಸಾದ ಹುಡುಗಿ ಅವರಿಗೆಲ್ಲ ಕಾಫಿ ತಂದುಕೊಡುತ್ತಾಳೆ. ಹತ್ತು ವರ್ಷ ಶಾಲೆಯಲ್ಲಿ ಕೂತವಳಿಗೆ ತ್ರಿಕೋನಮಿತಿ ಗೊತ್ತು, ಸಂಧಿ ಸಮಾಸ ಗೊತ್ತು. ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಮಾತ್ರ ಗೊತ್ತಿಲ್ಲ. ಅಲ್ಲಿಯತನಕ ಅವಳ ಮುಂದೆ ಯಾರೂ ಎರಡನ್ನು ಇಟ್ಟೇ ಇರಲಿಲ್ಲ.

ಈ ಕೊರತೆ ಕಾಣದ್ದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ ಹತ್ತು ಜೀವನ ಕೌಶಲಗಳಲ್ಲಿ ನಿರ್ಧಾರ ಮಾಡುವುದೂ ಒಂದು. ಅದನ್ನು ಕಲಿಸುವ ರೂಢಿಯ ವಿಧಾನವೂ ಇದೆ: ಒಂದು ಕೋಷ್ಟಕ ಎಳೆಯಿರಿ, ಆಯ್ಕೆಗಳನ್ನು ಒಂದು ಕಡೆ, ಅಂಶಗಳನ್ನು ಇನ್ನೊಂದು ಕಡೆ ಬರೆಯಿರಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಡಿ, ಕೂಡಿಸಿ. ಹೆಚ್ಚು ಬಂದದ್ದೇ ಸರಿ ಉತ್ತರ. ಪರೀಕ್ಷೆಯಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಇದು ಬಲು ಬೇಗ ಒಗ್ಗುತ್ತದೆ. ಬೇಕಾದ ಉತ್ತರ ಬರುವ ಹಾಗೆ ಅಂಕ ತಿದ್ದುವುದೂ ಅಷ್ಟೇ ಬೇಗ ಬರುತ್ತದೆ.

ಈ ಪಟ್ಟಿಯ ಪದ್ಧತಿಗೆ ಒಬ್ಬ ಪ್ರಸಿದ್ಧ ಹಿರಿಯನಿದ್ದಾನೆ. 1772ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಶೆಲ್ಬರ್ನ್ ಕಡೆಯಿಂದ ಕೆಲಸಕ್ಕೆ ಕರೆ ಬಂತು. ಹೋಗಲೋ ಬೇಡವೋ ಎಂದು ಅವನು ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕೇಳಿದ. ಏನು ನಿರ್ಧರಿಸಬೇಕೆಂದು ಹೇಳಲಾರೆ, ಹೇಗೆ ನಿರ್ಧರಿಸಬೇಕೆಂದು ಹೇಳುತ್ತೇನೆ ಎಂಬ ಧಾಟಿಯಲ್ಲಿ ಫ್ರಾಂಕ್ಲಿನ್ ಉತ್ತರ ಬರೆದ. ಹಾಳೆಯ ನಡುವೆ ಗೆರೆ ಎಳೆದು ಪರ, ವಿರೋಧ ಎಂದು ಎರಡು ಭಾಗ ಮಾಡು. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತ ಹೋಗು. ಆಮೇಲೆ ಈ ಕಡೆಯದಕ್ಕೂ ಆ ಕಡೆಯದಕ್ಕೂ ಸಮನಾದವುಗಳನ್ನು ಹೊಡೆದುಹಾಕು. ಇಂದಿನ ವರ್ಕ್‌ಶೀಟುಗಳು ಈ ಪತ್ರದಿಂದ ಗೆರೆಯನ್ನು ಉಳಿಸಿಕೊಂಡು ದಿನಗಳನ್ನು ಬಿಟ್ಟಿವೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ತುಂಬಿಸಿ ಕೊಡಬೇಕಾದ ಪಟ್ಟಿಗೂ ನಾಲ್ಕು ದಿನ ಮನಸ್ಸಿನಲ್ಲಿ ಮಾಗಿದ ಪಟ್ಟಿಗೂ ಸಂಬಂಧವಿಲ್ಲ. ಪ್ರೀಸ್ಟ್ಲಿ ಹೋದ. 1774ರಲ್ಲಿ ಆ ಲಾರ್ಡ್‌ನ ಆಶ್ರಯದಲ್ಲಿದ್ದಾಗಲೇ ನಾವು ಆಮ್ಲಜನಕ ಎನ್ನುವ ಅನಿಲವನ್ನು ಬೇರ್ಪಡಿಸಿದ. ಎರಡು ವರ್ಷ ಮೊದಲು ಮಾಡಿದ ಯಾವ ಪಟ್ಟಿಯಲ್ಲೂ ಆ ಸಾಲು ಇರುವುದು ಸಾಧ್ಯವಿರಲಿಲ್ಲ.

ಆದರೂ ನನ್ನ ತಕರಾರು ಪಟ್ಟಿಯ ಮೇಲಲ್ಲ, ಕೂಡಿಸುವುದರ ಮೇಲೆ. ‘ಸಂಬಳ’ಕ್ಕೆ ಎಂಟು, ‘ಇಷ್ಟದ ವಿಷಯ’ಕ್ಕೆ ಎಂಟು ಎಂದು ಹುಡುಗ ಬರೆದರೆ ಆ ಎರಡು ಎಂಟುಗಳು ಒಂದೇ ಜಾತಿಯವಲ್ಲ. ತಕ್ಕಡಿಯಲ್ಲಿ ಸರಕು ಅವನದೇ ಇರಬಹುದು, ತೂಕದ ಕಲ್ಲು ಯಾರದು? ಸಂಬಳ ಇಷ್ಟಕ್ಕಿಂತ ಭಾರ ಎಂದು ಹೇಳಿದವರು ಮಾವನೋ, ಟ್ಯುಟೋರಿಯಲ್ಲಿನ ಫ್ಲೆಕ್ಸೋ, ಅವನೋ? ಕೂಡಿದ ಮೊತ್ತ ಇದನ್ನು ಮುಚ್ಚಿಡುತ್ತದೆ. ಒಳ್ಳೆಯ ಮೇಷ್ಟ್ರು ಮಾಡಬೇಕಾದ್ದು ಮೊತ್ತ ಬಂದ ಮೇಲೆ ಹುಡುಗನ ಮುಖ ನೋಡುವುದು. ಗೆದ್ದ ಆಯ್ಕೆಯನ್ನು ನೋಡಿ ಮುಖ ಸಪ್ಪಗಾದರೆ ಪಾಠ ಅಲ್ಲಿಂದ ಶುರು. ಯಾವ ಸಾಲಿಗೆ ಸುಳ್ಳು ಅಂಕ ಹಾಕಿದೆ? ಯಾವುದನ್ನು ಬರೆಯಲು ಹೆದರಿದೆ? ಹೋಲಿಸುವುದೆಂದರೆ ದೊಡ್ಡ ಸಂಖ್ಯೆಯನ್ನು ಹುಡುಕುವುದಲ್ಲ. ನಮ್ಮ ಆಸೆಯನ್ನು ಬೇರೆಯವರು ಪ್ರಶ್ನಿಸಬಹುದಾದ ಜಾಗದಲ್ಲಿ ತಂದಿಡುವುದು.

ಹದಿನೈದರ ಆಸೆಗೆ ಏನು ಬೆಲೆ, ಗೆಳತಿ ಸೇರಿದ ಕಾಲೇಜೇ ತನಗೂ ಬೇಕೆನ್ನುವ ವಯಸ್ಸದು, ಎನ್ನುವವರಿದ್ದಾರೆ. ಮಾತು ನಿಜ. ಅದಕ್ಕೇ ಆಸೆಯ ಪಕ್ಕದಲ್ಲಿ ಸಂಗತಿಗಳೂ ಇರಬೇಕು. ಪಿಯುಸಿಯಲ್ಲಿ ಸೈನ್ಸ್ ಓದಿದವರು ಮುಂದೆ ಬಿಕಾಂ, ಬಿಎಗೆ ತಿರುಗಬಹುದು. ಕಾಮರ್ಸ್ ಓದಿದವರು ಬಿಇಗೆ ಹೋಗಲಾರರು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರಿಗೆ ಬಿಇಯ ಎರಡನೇ ವರ್ಷಕ್ಕೇ ಪ್ರವೇಶವಿದೆ. ಇದನ್ನು ಎಂಟನೇ ತರಗತಿಯಲ್ಲೇ ಹೇಳಿದರೆ ಚರ್ಚೆಯ ಅರ್ಧ ಗದ್ದಲ ತಗ್ಗುತ್ತದೆ. ‘ಸೈನ್ಸ್ ತಗೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತೆ’ ಎನ್ನುವ ಅಪ್ಪಂದಿರ ವಾದ ಹಾಗೆ ನೋಡಿದರೆ ಗಟ್ಟಿಯಾದದ್ದೇ. ಆದರೆ ತಾನು ಎಂದೂ ದಾಟದ ಬಾಗಿಲನ್ನು ತೆರೆದಿಡುವುದಕ್ಕಾಗಿ ಎರಡು ವರ್ಷ ಫಿಸಿಕ್ಸಿನಲ್ಲಿ ನರಳುವುದಕ್ಕೂ ಬೆಲೆಯಿದೆ. ಅದನ್ನು ತೆರುವವನು ಮಗ.

ಕಠೋಪನಿಷತ್ತಿನ ನಚಿಕೇತನ ಕಥೆಯಲ್ಲಿ ಶ್ರೇಯಸ್ಸು, ಪ್ರೇಯಸ್ಸು ಎಂಬ ಎರಡನ್ನು ಪರಿಶೀಲಿಸಿ ಬೇರೆ ಮಾಡುವವನೇ ಧೀರ ಎಂಬ ಮಾತು ಬರುತ್ತದೆ. ಕೂಡಿಸುವವನಲ್ಲ, ಬೇರೆ ಮಾಡುವವನು. ಯಮ ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಎಂದು ಎಷ್ಟು ಒಡ್ಡಿದರೂ ಹುಡುಗ ಇವೆಲ್ಲ ಎಷ್ಟು ದಿನ ಎಂಬ ಒಂದೇ ಅಳತೆ ಹಿಡಿದು ನಿಂತ. ಅಳತೆ ಅವನದು, ಹಟವೂ ಅವನದು. ಅವನು ಕೇಳಿದ ಮೊದಲ ವರ ಮಾತ್ರ ಅಪ್ಪನ ಸಿಟ್ಟು ಇಳಿಯಲಿ ಎನ್ನುವುದು! ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಮೊದಲು ಬೇಕಾದದ್ದು ಅದೇ.

ಹೋಲಿಸಲು ಎರಡು ದಾರಿಯೇ ಇಲ್ಲದವರ ಗತಿ? ಸೈನ್ಸ್ ಇರುವ ಕಾಲೇಜು ತಾಲ್ಲೂಕು ಕೇಂದ್ರದಲ್ಲಿದ್ದು, ಸಂಜೆ ಊರಿಗೆ ಬಸ್ಸಿಲ್ಲದಿದ್ದರೆ ಹುಡುಗಿ ಹತ್ತಿರದ ಕಾಲೇಜಿನಲ್ಲಿ ಇದ್ದದ್ದನ್ನು ಓದುತ್ತಾಳೆ. 2023ರ ಶಕ್ತಿ ಯೋಜನೆ ಟಿಕೆಟ್ಟಿನ ದುಡ್ಡು ಉಳಿಸಿತು. ಬಸ್ಸೇ ಬಾರದ ಊರಿಗೆ ಅದರಿಂದ ಏನೂ ಆಗದು. ಇಂಥವಳಿಗೆ ಕೋಷ್ಟಕ ಕೊಡುವುದು ಕ್ರೌರ್ಯವಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನುತ್ತೇನೆ. ‘ನನಗೆ ಸೈನ್ಸ್ ಇಷ್ಟವಿರಲಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಬದುಕುವುದಕ್ಕಿಂತ, ಈ ನಿರ್ಧಾರವನ್ನು ಸಾರಿಗೆ ಡಿಪೋದವರು ಮಾಡಿದರು ಎಂದು ತಿಳಿಯುವುದು ಮೇಲು. ತಿಳಿದವಳು ಕೇಳಿಯಾಳು.

ಕೇಳುವುದಕ್ಕೆ ಜಾಗವೂ ಇದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬಹಳ ಕಡೆ ಅದು ಸ್ವಾಗತ ಭಾಷಣ, ಬಿಸ್ಕತ್ತು, ಫೋಟೋದಲ್ಲಿ ಮುಗಿಯುತ್ತದೆ. ಹಾಗಾಗದೆ, ಇಷ್ಟು ಹಣವಿದೆ, ಶೌಚಾಲಯ ಮೊದಲೋ ಆಟದ ಮೈದಾನ ಮೊದಲೋ ಎಂದು ಮಕ್ಕಳನ್ನೇ ಕೇಳಿದರೆ ಯಾವ ವರ್ಕ್‌ಶೀಟೂ ಬೇಡ. ಶಾಲೆಯೊಳಗೂ ಇದು ಆಗಬಹುದು. ಮುಖ್ಯೋಪಾಧ್ಯಾಯರೇ, ಈ ವರ್ಷ ಏಳನೇ ತರಗತಿಯವರ ಕೈಗೆ ಎರಡು ಸಾವಿರ ರೂಪಾಯಿ ಕೊಡಿ. ಕೇರಂ ಬೋರ್ಡೋ, ಕಥೆ ಪುಸ್ತಕಗಳೋ, ಫುಟ್‌ಬಾಲೋ ಅವರೇ ತೀರ್ಮಾನಿಸಲಿ, ವಾರಗಟ್ಟಲೆ ಜಗಳವಾಡಲಿ. ಕೊನೆಗೆ ನಿಮಗೆ ಹಿಡಿಸದ್ದನ್ನು ಕೊಂಡುತಂದರೆ ದಯವಿಟ್ಟು ಅಂಗಡಿಗೆ ವಾಪಸು ಕಳಿಸಬೇಡಿ.