ಬಾಗಿಲ ಚೀಟಿ, ಆತ್ಮದ ಮುದ್ರೆ



ನೆಲಮಂಗಲದ ಬಳಿಯ ಅರಿಶಿನಕುಂಟೆಗೆ ಬಾಡಿಗೆ ಮನೆ ಹುಡುಕಿಕೊಂಡು ಹೋದಿರೆನ್ನಿ. ಅಡ್ವಾನ್ಸಿನ ಮಾತಿಗೂ ಮುಂಚೆ ಒಂದು ಪ್ರಶ್ನೆ ಬಂದೀತು: “ನೀವು ಯಾವ ಜನ?” ನಮ್ಮ ನಾಡಿನ ಯಾವ ಊರಿಗೂ ಈ ಪ್ರಶ್ನೆ ಹೊಸದಲ್ಲ. “ಕ್ರೈಸ್ತರು” ಎಂದರೆ ಅಲ್ಲಿಗೇ ಮುಗಿಯುವುದೂ ಇಲ್ಲ. “ಅದು ಸರಿ, ಅದಕ್ಕೂ ಮೊದಲು?” ಎಂದು ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ.

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ಇದೇ ಪ್ರಶ್ನೆ ಸರ್ಕಾರದ ನಮೂನೆಯಲ್ಲಿ ಮನೆಬಾಗಿಲಿಗೆ ಬಂತು. ಮೊದಲು ಬಾಗಿಲಿಗೆ ಒಂದು ಚೀಟಿ ಅಂಟಿತು, ಆಮೇಲೆ 60 ಪ್ರಶ್ನೆಗಳು. ಪಟ್ಟಿಯಲ್ಲಿ ಹಲವು ಜಾತಿಗಳ ಹೆಸರಿನೊಡನೆ ‘ಕ್ರಿಶ್ಚಿಯನ್’ ಎಂಬ ಪದ ಸೇರಿದ್ದು ದೊಡ್ಡ ವಿವಾದಕ್ಕೆ ಕಾರಣವಾಯಿತು. ಕೊನೆಗೆ ಅಂಥ 33 ಹೆಸರುಗಳು ಪಟ್ಟಿಯಲ್ಲಿ ಕಾಣದಂತೆ ಮಾಡಲಾಯಿತು.

ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಪಾಪವಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿದ್ದಾರೆ. ಆದರೆ ಊರಿನ ಕಣ್ಣಿನಲ್ಲಿ ಅವರ ಹಳೆಯ ಜಾತಿ ಅಳಿದಿಲ್ಲ. ಅವರು ತಮ್ಮ ನೋವನ್ನು ಬರೆಸಿ ನ್ಯಾಯ ಕೇಳಿದರೆ ವಿಶ್ವಾಸಕ್ಕೆ ಕುಂದಲ್ಲ. ಬಾಗಿಲಿಗೆ ಅಂಟಿದ ಚೀಟಿಯನ್ನು ನಾವು ದೇವಾಲಯದ ಒಳಕ್ಕೆ ಹೊತ್ತು ತಂದಾಗ ಕುಂದು ಬರುತ್ತದೆ.

‘ಕ್ರೈಸ್ತರು’ ಎಂಬ ಹೆಸರು ಹುಟ್ಟಿದ್ದು ಎಲ್ಲಿ? ಅಂತಿಯೋಕ್ಯ ಪಟ್ಟಣದಲ್ಲಿ ಎಂದು ಪ್ರೇಷಿತರ ಕಾರ್ಯಕಲಾಪಗಳ ಹನ್ನೊಂದನೆಯ ಅಧ್ಯಾಯ ತಿಳಿಸುತ್ತದೆ. ಶಿಷ್ಯರು ಆ ಹೆಸರನ್ನು ತಾವೇ ಇಟ್ಟುಕೊಂಡರೆಂದು ಅಲ್ಲಿ ಹೇಳಿಲ್ಲ; ಜನ ಅವರನ್ನು ಹಾಗೆ ಕರೆದರು. ಯೆಹೂದ್ಯರೂ ಗ್ರೀಕರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಊರು ಅದು. ಅವರನ್ನು ಹಳೆಯ ಹೆಸರುಗಳಿಂದ ಕರೆಯಲಾಗದೆ ಜನ ಹೊಸ ಹೆಸರನ್ನು ಹುಡುಕಬೇಕಾಯಿತೇನೋ!

ಅದೇ ಊರಿನಲ್ಲಿ ಒಂದು ದುಃಖದ ಸಂಗತಿಯೂ ನಡೆಯಿತು. ಯೆರುಸಲೇಮಿನಿಂದ ಕೆಲವರು ಬಂದಾಗ ಸಂತ ಪೇತ್ರರು ಅಂಜಿ, ಅನ್ಯಜನರ ಪಂಕ್ತಿಯಿಂದ ಎದ್ದುಹೋದರು. ಬಾರ್ನಬರೂ ಅವರನ್ನೇ ಅನುಸರಿಸಿದರು. ಸಂತ ಪೌಲರು ಎಲ್ಲರೆದುರಿಗೇ ಪೇತ್ರರನ್ನು ಖಂಡಿಸಿದರೆಂದು ಗಲಾತ್ಯರಿಗೆ ಬರೆದ ಪತ್ರದಲ್ಲಿ ಓದುತ್ತೇವೆ. ಪ್ರೇಷಿತರಿಗೇ ಬಂದ ಶೋಧನೆ ನಮಗೆ ಬಾರದೇ? ‘ಅವರು ತಮಿಳು ಪೂಜೆಯವರು, ಇವರು ಕೊಂಕಣಿಯವರು, ಅವರ ಮನೆಯಲ್ಲಿ ನಾವು ಊಟ ಮಾಡುವುದಿಲ್ಲ, ಅವರೊಡನೆ ಸಂಬಂಧ ಬೆಳೆಸುವುದಿಲ್ಲ’ ಎನ್ನುವಾಗ ನಾವೂ ಪಂಕ್ತಿಯಿಂದ ಎದ್ದವರೇ. ಎದ್ದ ಮೇಲೂ ಕ್ರೈಸ್ತರೆಂಬ ಹೆಸರು ಮಾತ್ರ ಬೇಕು ನಮಗೆ!

ಅರಿಶಿನಕುಂಟೆಯ ಹೆಸರಿನಲ್ಲೇ ಅರಿಶಿನವಿದೆ. ಆದರೆ ಆ ಹೆಸರು ಹೇಳಿದ ಮಾತ್ರಕ್ಕೆ ಯಾರ ಮನೆಯ ಸಾರಿಗೂ ಬಣ್ಣ ಬರುವುದಿಲ್ಲ. ಚಿಟಿಕೆ ಅರಿಶಿನ ಒಳಗೆ ಬಿದ್ದು ಕುದಿಯಬೇಕು. ಕ್ರೈಸ್ತ ಎಂಬ ಹೆಸರೂ ಹಾಗೆಯೇ.

ಜ್ಞಾನಸ್ನಾನದಲ್ಲಿ ದೇವರು ನಮ್ಮ ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತಿದ್ದಾರೆಂದು ಧರ್ಮಸಭೆ ಬೋಧಿಸುತ್ತದೆ. ಬಾಗಿಲ ಚೀಟಿ ಮಳೆಗೆ ನೆನೆದು ಉದುರುತ್ತದೆ. ಈ ಮುದ್ರೆಯನ್ನು ಸಮೀಕ್ಷೆ ಕೊಡಲಾರದು, ಕಸಿಯಲಾರದು. ಹಾಗಿರುವಾಗ ಯಾವ ಪಟ್ಟಿಗೂ ನಾವು ಅಂಜಬೇಕಿಲ್ಲ. ಆದರೆ ಆ ಮುದ್ರೆ ಇತರರ ಕಣ್ಣಿಗೆ ಕಾಣುತ್ತಿದೆಯೇ?

ಪ್ರಿಯರೇ, ಈ ರಾತ್ರಿ ಕುಟುಂಬ ಪ್ರಾರ್ಥನೆಯ ನಂತರ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಧರ್ಮದ ಪ್ರಶ್ನೆಯನ್ನು ನಮ್ಮನ್ನು ಬಿಟ್ಟು ಪಕ್ಕದ ಮನೆಯವರನ್ನು, ಹಾಲು ಹಾಕುವವರನ್ನು, ನಮ್ಮ ಕೈಕೆಳಗೆ ದುಡಿಯುವವರನ್ನು ಕೇಳಿದ್ದರೆ, ಅವರು ನಮ್ಮ ಬಗ್ಗೆ ಏನೆಂದು ಬರೆಸುತ್ತಿದ್ದರು?

ಪ್ರಭುವೇ, ನಿನ್ನ ಹೆಸರನ್ನು ಹೊತ್ತ ನಮ್ಮನ್ನು ಒಂದೇ ಪಂಕ್ತಿಯಲ್ಲಿ ಕೂರಿಸು. ಆಮೆನ್.