ಕ್ಷೀಣಿಸುವ ದೃಷ್ಟಿ ಮತ್ತು ಬಾಳಿನ ಹದ

ರೋಗಗಳಲ್ಲಿ ಎರಡು ಬಗೆ ನಮಗೆ ಚೆನ್ನಾಗಿ ಪರಿಚಿತ. ಒಂದು, ಬಂದು ವಾಸಿಯಾಗಿ ಹೋಗುವಂಥದು. ಇನ್ನೊಂದು, ಬಂದು ಬಾಳನ್ನೇ ಮುಗಿಸುವಂಥದು. ಮೊದಲನೆಯದಕ್ಕೆ ಔಷಧವಿದೆ, ಎರಡನೆಯದಕ್ಕೆ ಸಾಂತ್ವನವಿದೆ. ಇವೆರಡರ ನಡುವೆ ಮೂರನೆಯದೊಂದಿದೆ. ಅದು ಕೊಲ್ಲುವುದಿಲ್ಲ, ಬಿಟ್ಟುಹೋಗುವುದೂ ಇಲ್ಲ. ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಮುಂದುವರಿಯುತ್ತದೆ. ಅಂಥ ಕುಂದಿನೊಡನೆ ಚೆನ್ನಾಗಿ ಬಾಳುವುದೆಂದರೇನು? ಇದು ವೈದ್ಯಶಾಸ್ತ್ರದ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆಯೂ ಹೌದು. ಕಣ್ಣಿನ ಒಂದು ರೋಗವನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಆ ರೋಗದ ಹೆಸರು ಕೆರಟೋಕೋನಸ್. ಇಂಗ್ಲೆಂಡಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿ ಇದನ್ನು ಇತರ ನೇತ್ರರೋಗಗಳಿಂದ ಬೇರ್ಪಡಿಸಿ ವಿವರವಾಗಿ ವರ್ಣಿಸಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತೆಳುವಾಗುತ್ತ, ತನ್ನ ದುಂಡುತನವನ್ನು ಕಳೆದುಕೊಂಡು, ಶಂಕುವಿನಂತೆ ಮುಂದಕ್ಕೆ ಉಬ್ಬುವುದೇ ಇದರ ಲಕ್ಷಣ. ಸಾಮಾನ್ಯವಾಗಿ ಹರೆಯದಲ್ಲಿ ತಲೆದೋರಿ, ಮೂವತ್ತು ನಲವತ್ತರ ವಯಸ್ಸಿನವರೆಗೆ ಮುಂದುವರಿದು, ಬಳಿಕ ಬಹುಮಟ್ಟಿಗೆ ನಿಲ್ಲುತ್ತದೆ. ಒಂದು ದೀಪ ಹಲವು ದೀಪಗಳಾಗಿ ಕಾಣುತ್ತದೆ. ಅಕ್ಷರದ ಪಕ್ಕದಲ್ಲಿ ಅದರ ನೆರಳು ಮೂಡುತ್ತದೆ. ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುತ್ತದೆ. ಪೂರ್ಣ ಕುರುಡು ಬರುವುದು ತೀರ ವಿರಳ. ಕಣ್ಣುಜ್ಜುವ ಅಭ್ಯಾಸ ಇದನ್ನು ಬೆಳೆಸುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ರೈಬೋಫ್ಲೇವಿನ್ ಎಂಬ ಜೀವಸತ್ವದ ಹನಿಗಳನ್ನು ಹಾಕಿ ನೇರಳಾತೀತ ಕಿರಣ ಹಾಯಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಈಗ ಬಳಕೆಯಲ್ಲಿದೆ. ಆದರೆ ಅದರ ಮುಖ್ಯ ಉದ್ದೇಶ ರೋಗದ ಮುನ್ನಡೆಯನ್ನು ತಡೆಯುವುದು, ಹೋದ ದೃಷ್ಟಿಯನ್ನು ಮರಳಿಸುವುದಲ್ಲ. ಆದ್ದರಿಂದಲೇ ಮೊದಲೇ ತಿಳಿಯುವುದಕ್ಕೆ ಇಲ್ಲಿ ಬೆಲೆ ಹೆಚ್ಚು.

ಇನ್ನು ಈ ರೋಗವನ್ನು ನಮ್ಮ ಮಡಗಾಂವಿನ ಮೋತಿ ಡೊಂಗರಿನಲ್ಲಿಟ್ಟು ನೋಡೋಣ. ಗುಡ್ಡದ ಇಳಿಜಾರಿನಲ್ಲಿ ಒತ್ತಾಗಿ ನಿಂತ ಮನೆಗಳು, ನಡುವೆ ಏರಿಳಿಯುವ ಕಿರುದಾರಿಗಳು, ಕೊಂಕಣಿ ಹಿಂದಿಗಳ ಜೊತೆಗೆ ಕಿವಿಗೆ ಬೀಳುವ ನಮ್ಮ ಬಡಗಣ ಸೀಮೆಯ ಕನ್ನಡ. ದುಡಿಮೆಗಾಗಿ ಘಟ್ಟ ಇಳಿದು ಬಂದವರು ಗೌಂಡಿಗಳಾಗಿ, ಚಾಲಕರಾಗಿ, ಮನೆಗೆಲಸದವರಾಗಿ ಇಲ್ಲಿ ನೆಲೆ ನಿಂತಿದ್ದಾರೆ. ಇವರಲ್ಲಿ ಇಪ್ಪತ್ತರ ಹರೆಯದ ಒಬ್ಬ ಟೆಂಪೋ ಚಾಲಕನಿಗೆ ಈ ರೋಗ ಬಂದಿತೆಂದು ಭಾವಿಸಿಕೊಳ್ಳೋಣ. ಹಗಲು ಹೇಗೋ ಸಾಗುತ್ತದೆ; ಇರುಳಿನಲ್ಲಿ ಎದುರಿನ ವಾಹನದ ಬೆಳಕು ಚೆದುರಿ ಕಣ್ಣು ಕಟ್ಟುತ್ತದೆ. ಹೇಳಿದರೆ ಮಾಲೀಕನು ನಾಳೆಯಿಂದ ಬೇಡವೆನ್ನುತ್ತಾನೆ. ಊರಿನಲ್ಲಿ ಗೊತ್ತುಮಾಡಿದ ಹೆಣ್ಣಿನ ಕಡೆಯವರು ಹಿಂದೆಗೆಯುತ್ತಾರೆ. ಹೇಳದಿದ್ದರೆ ದಾರಿಯಲ್ಲಿ ನಡೆಯುವವರ ಜೀವಕ್ಕೆ ಅಪಾಯ. ಅವನು ಏನು ಮಾಡಬೇಕು?

ಉತ್ತರದ ಒಂದು ಭಾಗ ಕಠಿಣವಾದರೂ ಸ್ಪಷ್ಟ. ತನ್ನ ಅನ್ನಕ್ಕಾಗಿ ಪರರ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಅವನು ಇರುಳಿನಲ್ಲಿ ಗಾಡಿ ನಡೆಸಬಾರದು, ಹಗಲಿನಲ್ಲಿಯೂ ವೈದ್ಯರು ಒಪ್ಪಿದರೆ ಮಾತ್ರ ನಡೆಸಬೇಕು. ಆದರೆ ಇಲ್ಲಿಗೆ ನಿಂತರೆ ನಮ್ಮ ವಿಚಾರ ಅರ್ಧವಾಯಿತು. ಸತ್ಯ ನುಡಿದವನಿಗೆ ಉಪವಾಸವೇ ಪ್ರತಿಫಲವಾಗುವಂತೆ ವ್ಯವಸ್ಥೆ ಮಾಡಿಟ್ಟು, ಬಳಿಕ ಅವನು ಮರೆಮಾಚಿದನೆಂದು ದೂರುವುದು ಯಾವ ನ್ಯಾಯ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರನನ್ನು ಸಾಮಾನ್ಯವಾಗಿ ಕೆಲಸದಿಂದ ತೆಗೆಯಬಾರದೆಂದೂ ಬೇರೆ ಹುದ್ದೆಗೆ ಬದಲಿಸಬಹುದೆಂದೂ ವಿಧಿಸುತ್ತದೆ. ದಿನಗೂಲಿಯವನಿಗೆ ಅಂಥ ಆಸರೆ ಎಲ್ಲಿದೆ? ಅವನ ಮೌನದಲ್ಲಿ ಅವನ ಭಯವೆಷ್ಟಿದೆಯೋ ನಮ್ಮ ನಿರ್ದಯವೂ ಅಷ್ಟೇ ಇದೆ.

ಕಣ್ಣಿನ ವಿಷಯದಲ್ಲಿ ಕನ್ನಡ ನಾಡು ಎರಡು ದೊಡ್ಡ ಕಥೆಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಲಕ್ಷಾಂತರ ಬಡವರ ಕಣ್ಣಿನ ಪೊರೆಯನ್ನು ನೀಗಿಸಿದರು. ಅದು ಗುಣವಾಗುವಿಕೆಯ ಕಥೆ. ಎಳವೆಯಿಂದಲೇ ದೃಷ್ಟಿಯಿಲ್ಲದ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧರ ಸಂಗೀತ ವಿದ್ಯೆಯ ತವರಾಗಿಸಿದರು. ಅದು ಅಂಧತ್ವವನ್ನು ಮೀರಿದ ಕಥೆ. ಮಸುಕಾಗುತ್ತಿರುವ ಕಣ್ಣಿನವನು ಈ ಎರಡರಲ್ಲಿಯೂ ತನ್ನ ಮುಖವನ್ನು ಕಾಣಲಾರ. ಅವನು ಗುಣವಾದವನಲ್ಲ, ಅಂಧನೂ ಅಲ್ಲ. ಕನ್ನಡಕ ಹಾಕಿಯೂ ತಡವರಿಸಿದರೆ ‘ಕಣ್ಣು ಕಾಣುವುದಿಲ್ಲವೇ’ ಎಂಬ ಗದರಿಕೆ. ಕಷ್ಟ ಹೇಳಿಕೊಂಡರೆ ‘ಚೆನ್ನಾಗಿಯೇ ಇದ್ದೀಯಲ್ಲ’ ಎಂಬ ಸಂಶಯ. ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರಿಡುವವರು ರೋಗದ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುತ್ತಾರೆ.

ಆದರೂ ಗದುಗಿನ ಕಥೆಯನ್ನು ಇನ್ನೊಮ್ಮೆ ನೋಡಿದರೆ ಅದರಲ್ಲಿ ಎಲ್ಲರಿಗೂ ಸಲ್ಲುವ ಮಾತೊಂದಿದೆ. ಬಾಲಕ ಪಂಚಾಕ್ಷರಿಯ ಹಿಂದೆ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯವಿತ್ತು. ಪುಟ್ಟರಾಜರ ಹಿಂದೆ ಪಂಚಾಕ್ಷರ ಗವಾಯಿಗಳಿದ್ದರು. ನಾವು ಅವರ ಧೈರ್ಯವನ್ನು ಕೊಂಡಾಡುತ್ತೇವೆ. ಆ ಧೈರ್ಯಕ್ಕೆ ನೆಲವಾದ ಆಶ್ರಯವನ್ನು ಮರೆಯುತ್ತೇವೆ. ಧೈರ್ಯವೆಂಬುದು ಒಬ್ಬನ ಎದೆಯೊಳಗೇ ಹುಟ್ಟಿ ಬೆಳೆಯುವ ವಸ್ತುವಲ್ಲ.

ಕೆರಟೋಕೋನಸ್ ಇರುವವರಿಗೆ ಕೊಡುವ ಗಟ್ಟಿ ಮಸೂರದ ಕೆಲಸವೂ ಇದನ್ನೇ ಸೂಚಿಸುತ್ತದೆ. ಅದು ಕಾರ್ನಿಯಾವನ್ನು ತಿದ್ದುವುದಿಲ್ಲ. ಮಸೂರಕ್ಕೂ ಡೊಂಕಾದ ಪಟಲಕ್ಕೂ ನಡುವಿನ ತೆರವನ್ನು ದ್ರವ ತುಂಬಿಕೊಳ್ಳುತ್ತದೆ. ಬೆಳಕಿಗೆ ನುಣುಪಾದ ಹೊರಮೈ ದೊರೆಯುತ್ತದೆ. ಡೊಂಕು ಹಾಗೆಯೇ ಇದ್ದರೂ ನೋಟ ಸ್ಫುಟವಾಗುತ್ತದೆ. ಸಮಾಜವೂ ಹೀಗೆ ಒದಗಬಲ್ಲದು. ಚಾಲಕನನ್ನು ಗೋದಾಮಿನ ಕೆಲಸಕ್ಕೆ ಬದಲಿಸುವ ಮಾಲೀಕ, ಗುಡ್ಡದ ಮೆಟ್ಟಿಲಿಗೆ ದೀಪ ಹಾಕಿಸುವ ನೆರೆಹೊರೆ, ಓದುವ ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಕೂಡಿಸುವ ಮೇಷ್ಟ್ರು: ಇವರಾರೂ ರೋಗವನ್ನು ವಾಸಿಮಾಡರು, ರೋಗಿಯ ಬಾಳನ್ನು ನೇರ್ಪಡಿಸುವರು.

ರೋಗಿಯ ಪಾಲಿಗೂ ಒಂದು ಸಾಧನೆ ಉಳಿಯುತ್ತದೆ. ಮೊನ್ನೆಯ ಕಣ್ಣಿಗಾಗಿ ಕೊರಗದೆ, ನಾಳೆಯ ಕತ್ತಲೆಗೆ ಇಂದೇ ಅಂಜದೆ, ಈ ಹೊತ್ತು ತನಗೆ ಎಷ್ಟು ಕಾಣುತ್ತದೆಂಬುದನ್ನು ಇದ್ದಂತೆ ಅರಿತು ನಡೆಯುವುದು. ಕಂಡದ್ದನ್ನು ಕಂಡೆನೆಂದೂ ಕಾಣದ್ದನ್ನು ಕಾಣೆನೆಂದೂ ಹೇಳುವುದು. ಕುಂದು ಬೆಳೆದಂತೆ ಈ ಅಳತೆಯನ್ನು ಹೊಸದಾಗಿ ಮಾಡಿಕೊಳ್ಳುತ್ತ ಹೋಗಬೇಕು. ಒಮ್ಮೆ ಸಾಧಿಸಿದರೆ ಮುಗಿಯುವ ಸಮಾಧಾನ ಇದಲ್ಲ. ಇದನ್ನೇ ನಾವು ಬಾಳಿನ ಹದವೆನ್ನುತ್ತೇವೆ.

ಕೊನೆಯದಾಗಿ, ಕಣ್ಣು ಕಣ್ಣಿಗಾಗುವ ಮಾತು. ರೋಗ ಬಹಳ ಮುಂದುವರಿದವರಿಗೆ ಕಾರ್ನಿಯಾ ಕಸಿಯೇ ದಾರಿ; ಅದಕ್ಕೆ ಬೇಕಾದದ್ದು ತೀರಿಕೊಂಡವರೊಬ್ಬರ ಕಣ್ಣು, ಅದೂ ಕೆಲವೇ ಗಂಟೆಗಳೊಳಗೆ. ‘ಬೇಡರ ಕಣ್ಣಪ್ಪ’ (1954) ಚಿತ್ರದಿಂದ ನಾಯಕರಾಗಿ ಬಂದ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತ್ ಅಗಲಿದಾಗ ಬೆಂಗಳೂರಿನ ವೈದ್ಯರು ಅವರ ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು. ಶಿವನಿಗೆ ಕಣ್ಣು ಕೊಟ್ಟ ಕಣ್ಣಪ್ಪನಿಗೆ ಕೈಮುಗಿಯುವ ನಾವು, ನೆರೆಯವನಿಗೆ ಕೊಡಲು ಹಿಂಜರಿಯುವುದೇಕೆ?

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಈ ಮಾತೇಕೆಂದು ಓದುಗರು ಕೇಳಬಹುದು. ನುಡಿಯನ್ನು ಉಳಿಸಿಕೊಳ್ಳಲೆಂದು ನಾವು ಪರನಾಡಿನಲ್ಲಿ ಸಂಘ ಕಟ್ಟಿಕೊಂಡಿದ್ದೇವೆ. ‘ನನಗೆ ಸರಿಯಾಗಿ ಕಾಣುತ್ತಿಲ್ಲ’ ಎಂಬ ಮಾತನ್ನು ಆ ನುಡಿಯಲ್ಲಿ ಒಬ್ಬನು ಅಂಜದೆ ಆಡುವಂತಾದರೆ, ಅದನ್ನು ಕೇಳಿ ನಾಲ್ವರು ಎದ್ದು ಬರುವಂತಾದರೆ, ನಮ್ಮ ಕೂಟ ಸಾರ್ಥಕ.